ಕಿಡ್ನಿ ಪಥ್ಯದಲ್ಲಿ ಕಳೆದುಹೋದ ನಾರು

ಎಲ್ಲರಿಗೂ ನಮಸ್ಕಾರ.

ಕರುಳಿನ ಬ್ಯಾಕ್ಟೀರಿಯಾಕ್ಕೂ ಕಿಡ್ನಿಗೂ ಇರುವ ನಂಟು ಇವತ್ತಿನ ವಿಷಯ. ಕಿಡ್ನಿ ತೊಂದರೆ ಇರುವವರು ಮತ್ತು ಅವರಿಗಾಗಿ ಅಡುಗೆ ಮಾಡುವ ಮನೆಯವರು, ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಉಪನ್ಯಾಸ ಸಿದ್ಧಪಡಿಸಿದ್ದೇವೆ. ಮೊದಲು ಒಂದು ಅಧ್ಯಯನದ ಬಗ್ಗೆ ಹೇಳಬೇಕು. ಮುಂದಿನ ಮಾತೆಲ್ಲ ಅದರಿಂದಲೇ ಹುಟ್ಟುತ್ತದೆ.

2011ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ಸಂಶೋಧಕರು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಎರಡು ಗುಂಪಿನ ರೋಗಿಗಳ ರಕ್ತವನ್ನು ಹೋಲಿಸಿದರು. ಒಂದು ಗುಂಪಿನವರಿಗೆ ದೊಡ್ಡಕರುಳು ಇತ್ತು. ಇನ್ನೊಂದು ಗುಂಪಿನವರಿಗೆ ಬೇರೆ ಯಾವುದೋ ಕಾಯಿಲೆಗೆ ಶಸ್ತ್ರಚಿಕಿತ್ಸೆಯಾಗಿ ದೊಡ್ಡಕರುಳನ್ನು ಪೂರ್ತಿ ತೆಗೆಯಲಾಗಿತ್ತು. ಎರಡೂ ಗುಂಪಿನವರ ಕಿಡ್ನಿ ಕೆಲಸ ನಿಲ್ಲಿಸಿತ್ತು, ಇಬ್ಬರಿಗೂ ಡಯಾಲಿಸಿಸ್ ನಡೆಯುತ್ತಿತ್ತು. ಆದರೂ ಕಿಡ್ನಿ ರೋಗಿಗಳ ರಕ್ತದಲ್ಲಿ ವಿಪರೀತ ಏರಿರುವ ಇಂಡಾಕ್ಸಿಲ್ ಸಲ್ಫೇಟ್ ಮತ್ತು ಪಿ-ಕ್ರೆಸಿಲ್ ಸಲ್ಫೇಟ್ ಎಂಬ ಎರಡು ವಿಷಗಳು, ದೊಡ್ಡಕರುಳು ಇಲ್ಲದವರ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇದ್ದವು.

ಅಂದರೆ ಈ ವಿಷಗಳನ್ನು ನಮ್ಮ ದೇಹದ ಜೀವಕೋಶಗಳು ತಾವಾಗಿಯೇ ಹುಟ್ಟುಹಾಕುವುದಿಲ್ಲ. ಅವು ಶುರುವಾಗುವುದು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಂದ, ನಾವು ತಿಂದ ಊಟದಿಂದ. ಕಿಡ್ನಿ ಸರಿಯಿದ್ದಾಗ ದಿನದಿನದ ಉತ್ಪತ್ತಿ ದಿನದಿನವೇ ಮೂತ್ರದಲ್ಲಿ ಹೋಗಿಬಿಡುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಕಿಡ್ನಿ ಸೋತಾಗ ರಕ್ತದಲ್ಲೇ ಉಳಿದು ರಾಶಿಯಾಗುತ್ತದೆ.

ಇಂಡಾಕ್ಸಿಲ್ ಸಲ್ಫೇಟ್ ಹುಟ್ಟುವ ದಾರಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಬೇಳೆ, ಹಾಲು, ಮೊಟ್ಟೆ, ಮಾಂಸ ಎಲ್ಲದರ ಪ್ರೋಟೀನಿನಲ್ಲೂ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಇದೆ. ಬಹುಪಾಲು ಸಣ್ಣಕರುಳಿನಲ್ಲೇ ಹೀರಲ್ಪಡುತ್ತದೆ. ಜೀರ್ಣವಾಗದೆ ಉಳಿದದ್ದು ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿ ಇ. ಕೋಲೈ ಮೊದಲಾದ ಬ್ಯಾಕ್ಟೀರಿಯಾಗಳು ಟ್ರಿಪ್ಟೊಫ್ಯಾನೇಸ್ ಎಂಬ ಕಿಣ್ವದಿಂದ ಅದನ್ನು ಒಡೆದು ಇಂಡೋಲ್ ಮಾಡುತ್ತವೆ. ಇಂಡೋಲ್ ರಕ್ತ ಸೇರಿ ಲಿವರ್‌ಗೆ ಹೋಗುತ್ತದೆ, ಲಿವರ್ ಅದಕ್ಕೆ ಆಮ್ಲಜನಕ ಮತ್ತು ಸಲ್ಫೇಟ್ ಜೋಡಿಸಿ ಇಂಡಾಕ್ಸಿಲ್ ಸಲ್ಫೇಟ್ ಮಾಡುತ್ತದೆ. ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ ಪಿ-ಕ್ರೆಸಾಲ್, ಅದರಿಂದ ಪಿ-ಕ್ರೆಸಿಲ್ ಸಲ್ಫೇಟ್ ಆಗುವುದೂ ಹೆಚ್ಚುಕಡಿಮೆ ಇದೇ ರೀತಿ. ಇಂಡೋಲ್ ಕರುಳಿನೊಳಗೆ ಇರುವಷ್ಟು ಹೊತ್ತು ಕೆಡುಕು ಮಾಡುತ್ತದೆ ಎನ್ನುವಂತಿಲ್ಲ, ಕರುಳಿನ ಗೋಡೆಗೆ ಅದರಿಂದ ಉಪಕಾರವೂ ಇದೆ. ಲಿವರ್ ದಾಟಿದ ಮೇಲಿನ ರೂಪವೇ ಕಿಡ್ನಿಗೆ ಕಷ್ಟ.

ಇಂಡಾಕ್ಸಿಲ್ ಸಲ್ಫೇಟ್‌ನ ಶೇ 90ಕ್ಕೂ ಹೆಚ್ಚು ಭಾಗ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ದೊಡ್ಡ ಅಣು, ಕಿಡ್ನಿಯ ಜರಡಿಯಲ್ಲಿ ಇಳಿಯುವುದಿಲ್ಲ. ಹಾಗಾಗಿ ಆರೋಗ್ಯವಂತ ಕಿಡ್ನಿ ಇದನ್ನು ಸೋಸುವುದಿಲ್ಲ, ಮೂತ್ರ ಹರಿಯುವ ತನ್ನ ಸಣ್ಣ ನಾಳಗಳ ಜೀವಕೋಶಗಳ ಗೋಡೆಯಲ್ಲಿರುವ ವಿಶೇಷ ಸಾಗಣೆದಾರ ಪ್ರೋಟೀನುಗಳ ಮೂಲಕ ರಕ್ತದಿಂದ ಎಳೆದು ಮೂತ್ರಕ್ಕೆ ತಳ್ಳುತ್ತದೆ. ಡಯಾಲಿಸಿಸ್ ಯಂತ್ರದಲ್ಲಿ ಜರಡಿ ಮಾತ್ರ ಇದೆ, ಈ ಎಳೆಯುವ ವ್ಯವಸ್ಥೆ ಇಲ್ಲ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ನಲ್ಲಿ, ಪ್ರೋಟೀನ್ ಒಡೆದಾಗ ಹುಟ್ಟುವ ಕಸವಾದ ಯೂರಿಯಾ ಶೇ 65ರಿಂದ 70ರಷ್ಟು ಇಳಿದರೆ, ಇಂಡಾಕ್ಸಿಲ್ ಸಲ್ಫೇಟ್ ಇಳಿಯುವುದು ಸುಮಾರು ಮೂರನೇ ಒಂದು ಭಾಗ. 'ಯೂರಿಯಾ ಚೆನ್ನಾಗಿ ಇಳಿದಿದೆ' ಎಂಬ ರಿಪೋರ್ಟ್ ಕೈಯಲ್ಲಿದ್ದರೂ ತುರಿಕೆ, ಸುಸ್ತು, ಬಾಯಿರುಚಿ ಕೆಡುವುದು ಹಾಗೇ ಉಳಿಯಲು ಇಂಥ ವಿಷಗಳೂ ಕಾರಣವಿರಬಹುದು.

ಇದು ರಕ್ತದಲ್ಲಿ ಉಳಿದರೆ ಆಗುವುದೇನು? ಉಳಿದಿರುವ ಕಿಡ್ನಿ ನಾಳಗಳ ಜೀವಕೋಶಗಳಿಗೆ ನುಗ್ಗಿ ಅಲ್ಲಿ ಗಾಯದ ಅಂಗಾಂಶ ಬೆಳೆಯುವಂತೆ ಮಾಡುತ್ತದೆ. ಜಪಾನಿನ ಸಂಶೋಧಕರು 1990ರ ದಶಕದಲ್ಲೇ ಇಲಿಗಳಲ್ಲಿ ಇದನ್ನು ತೋರಿಸಿದ್ದರು. ರಕ್ತನಾಳಗಳ ಒಳಪದರವನ್ನೂ ಕೆಡಿಸುತ್ತದೆ. ಇನ್ನೊಂದು ಪರಿಣಾಮ ರೋಗಿಗಳಿಗೆ ಕಣ್ಣಿಗೇ ಕಾಣುವಂಥದ್ದು. ಬಾವು ಇಳಿಸಲು ಕೊಡುವ ಫ್ಯೂರೋಸೆಮೈಡ್ ಮಾತ್ರೆ ಕೆಲಸ ಮಾಡಬೇಕಾದರೆ ಅದೇ ಸಾಗಣೆದಾರರ ಮೂಲಕವೇ ನಾಳದೊಳಗೆ ಹೋಗಬೇಕು. ಕರುಳಿನಿಂದ ಬಂದ ವಿಷ ಆ ದಾರಿಯನ್ನು ಹಿಡಿದು ಕೂತಿರುತ್ತದೆ. ಕಿಡ್ನಿ ಕಾಯಿಲೆ ಮುಂದುವರಿದಂತೆ 40 ಮಿಲಿಗ್ರಾಂ ಸಾಕಾಗದೆ ವೈದ್ಯರು ಡೋಸ್ ಏರಿಸಬೇಕಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಈಗ ಕರುಳಿನೊಳಕ್ಕೆ ಹೋಗೋಣ. ದೊಡ್ಡಕರುಳಿನ ಆರಂಭದ ಭಾಗ ಹೊಟ್ಟೆಯ ಬಲಗಡೆ ಇದೆ. ನಾವು ತಿಂದದ್ದರಲ್ಲಿ ಜೀರ್ಣವಾಗದೆ ಉಳಿಯುವ ನಾರು ಮೊದಲು ತಲುಪುವುದು ಅಲ್ಲಿಗೆ. ಅಲ್ಲಿನ ಬ್ಯಾಕ್ಟೀರಿಯಾ ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಬ್ಯುಟಿರೇಟ್ ಕರುಳಿನ ಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರ. ಮುಂದಕ್ಕೆ ಎಡಗಡೆಗೆ ಬರುವ ಹೊತ್ತಿಗೆ ನಾರು ಮುಗಿದಿದ್ದರೆ ಬ್ಯಾಕ್ಟೀರಿಯಾಗಳು ಉಪವಾಸ ಕೂರುವುದಿಲ್ಲ. ಸಿಕ್ಕ ಪ್ರೋಟೀನನ್ನು ಒಡೆಯಲು ತೊಡಗುತ್ತವೆ. ಇಂಡೋಲ್, ಪಿ-ಕ್ರೆಸಾಲ್, ಅಮೋನಿಯಾ ಬರುವುದು ಆಗ. ಒಂದೇ ಬ್ಯಾಕ್ಟೀರಿಯಾ ಕೂಡ ನಾರು ಸಿಕ್ಕರೆ ಒಂದು ಕೆಲಸ, ಸಿಗದಿದ್ದರೆ ಬೇರೆ ಕೆಲಸ ಮಾಡಬಲ್ಲದು. ಆದ್ದರಿಂದ ಮೂರು ಸಂಗತಿ ಲೆಕ್ಕಕ್ಕೆ ಬರುತ್ತವೆ: ಎಷ್ಟು ನಾರು ದೊಡ್ಡಕರುಳಿಗೆ ಇಳಿಯಿತು, ಎಷ್ಟು ಪ್ರೋಟೀನ್ ಇಳಿಯಿತು, ಮಲ ಎಷ್ಟು ಹೊತ್ತು ಅಲ್ಲೇ ಕೂತಿತು.

ತೊಂದರೆ ಕರುಳಿನಿಂದ ಕಿಡ್ನಿಗೆ ಮಾತ್ರ ಹರಿಯುವುದಿಲ್ಲ. ಕಿಡ್ನಿ ಸೋತಾಗ ರಕ್ತದಲ್ಲಿ ಏರಿದ ಯೂರಿಯಾ ಕರುಳಿನೊಳಕ್ಕೂ ಜಿನುಗುತ್ತದೆ. ಯೂರಿಯೇಸ್ ಕಿಣ್ವ ಇರುವ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಅವು ಯೂರಿಯಾ ಒಡೆದು ಅಮೋನಿಯಾ ಮಾಡುತ್ತವೆ, ಕರುಳಿನೊಳಗೆ ಕ್ಷಾರ ಹೆಚ್ಚುತ್ತದೆ, ಗೋಡೆಯ ಜೀವಕೋಶಗಳನ್ನು ಒಂದಕ್ಕೊಂದು ಬಿಗಿದಿಡುವ ಪ್ರೋಟೀನುಗಳು ಸಡಿಲವಾಗುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವಿನ್ ಕೇಂದ್ರದಲ್ಲಿ ನಡೆದ ಪ್ರಯೋಗಗಳು 2012-13ರ ಸುಮಾರಿಗೆ ಇದನ್ನು ಸ್ಪಷ್ಟಪಡಿಸಿದವು. ಗೋಡೆ ಸಡಿಲವಾದಾಗ ಬ್ಯಾಕ್ಟೀರಿಯಾಗಳ ಚೂರುಗಳು ರಕ್ತಕ್ಕೆ ಸೋರಿ, ಸೋಂಕೇ ಇಲ್ಲದೆ ದೇಹದಲ್ಲಿ ಸದಾ ಸಣ್ಣ ಉರಿಯೂತ ಇರುತ್ತದೆ. ರಕ್ತದಲ್ಲಿ ಉರಿಯೂತವನ್ನು ತೋರಿಸುವ ಸಿಆರ್‌ಪಿ ಎಂಬ ಪ್ರೋಟೀನ್ ಡಯಾಲಿಸಿಸ್ ರೋಗಿಗಳಲ್ಲಿ ಕಾರಣ ತಿಳಿಯದೆ ಏರಿರುವುದಕ್ಕೆ ಇದೊಂದು ವಿವರಣೆ. ಜೊತೆಗೆ ಪದೇಪದೇ ಆ್ಯಂಟಿಬಯಾಟಿಕ್, ಕಬ್ಬಿಣದ ಮಾತ್ರೆ, ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ, ಇವೆಲ್ಲವೂ ಬ್ಯಾಕ್ಟೀರಿಯಾಗಳ ಸಮತೋಲವನ್ನು ಬದಲಿಸುತ್ತವೆ. ಆಮ್ಲದ ಮಾತ್ರೆ ಈಗಲೂ ಬೇಕೇ ಎಂದು ಪ್ರತಿ ಭೇಟಿಯಲ್ಲಿ ಕೇಳುವುದು ಒಳ್ಳೆಯದು. ಯಾವತ್ತೋ ಹೊಟ್ಟೆಯುರಿಗೆ ಬರೆದದ್ದು ಚೀಟಿಯಿಂದ ಚೀಟಿಗೆ ನಕಲಾಗುತ್ತಾ ಬಂದಿರುವುದು ಬಹಳ ಸಾಮಾನ್ಯ.

ಇನ್ನು ಮುಖ್ಯ ಮಾತು. ಕಿಡ್ನಿ ತೊಂದರೆ ಎಂದು ಗೊತ್ತಾದ ದಿನ ಮನೆಗೆ ಬರುವ ಪಥ್ಯದ ಹಾಳೆಯಲ್ಲಿ ಏನಿರುತ್ತದೆ? ಕಿಡ್ನಿ ಸೋತಾಗ ರಕ್ತದಲ್ಲಿ ಏರಿ ಹೃದಯಕ್ಕೆ ಅಪಾಯ ತರುವ ಪೊಟ್ಯಾಸಿಯಂ ಇದೆ ಎಂದು ಹಣ್ಣು, ಸೊಪ್ಪು ಬೇಡ. ಫಾಸ್ಫರಸ್ ಇದೆ ಎಂದು ರಾಗಿ, ಕಾಳು, ಇಡೀ ಧಾನ್ಯ ಬೇಡ. ಉಳಿಯುವುದು ಬಿಳಿ ಅನ್ನ, ತಿಳಿ ಸಾರು, ಮೈದಾ ಬ್ರೆಡ್ಡು. ಪೊಟ್ಯಾಸಿಯಂ ಲೆಕ್ಕದಲ್ಲಿ ಇದು ಸುರಕ್ಷಿತ, ಒಪ್ಪುತ್ತೇವೆ. ಆದರೆ ಅದೇ ಏಟಿಗೆ ನಾರೂ ಊಟದಿಂದ ಹೋಯಿತು. ಕರುಳಿನ ಬ್ಯಾಕ್ಟೀರಿಯಾಗಳಿಗೆ ನಾರಿಲ್ಲ, ಪ್ರೋಟೀನ್ ಮಾತ್ರ ಸಿಗುತ್ತಿದೆ, ಮಲಬದ್ಧತೆ ಬೇರೆ. ವಿಷ ಹೆಚ್ಚಾಗಲು ಬೇಕಾದ ಮೂರೂ ಏರ್ಪಾಡನ್ನು ನಾವೇ ಪಥ್ಯದ ಹೆಸರಲ್ಲಿ ಮಾಡಿಕೊಡುತ್ತಿದ್ದೇವೆ. ಇದನ್ನು ತಿದ್ದಬೇಕು, ತಿದ್ದಲು ಸಾಧ್ಯವೂ ಇದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು 2012ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ದಿನಕ್ಕೆ 10 ಗ್ರಾಂ ನಾರು ಹೆಚ್ಚಿದಂತೆ ಸಿಆರ್‌ಪಿ ಏರಿರುವ ಸಂಭವ ಕಿಡ್ನಿ ತೊಂದರೆ ಇಲ್ಲದವರಲ್ಲಿ ಶೇ 11ರಷ್ಟು, ಇರುವವರಲ್ಲಿ ಶೇ 38ರಷ್ಟು ಕಡಿಮೆ ಇತ್ತು. ಇದು ಗಮನಿಸಿ ನೋಡಿದ ಅಧ್ಯಯನ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೆ 2014ರಲ್ಲಿ ಡಯಾಲಿಸಿಸ್ ರೋಗಿಗಳಿಗೆ ಆರು ವಾರ, ನಾರಿನಂತೆಯೇ ದೊಡ್ಡಕರುಳಿಗೆ ಇಳಿಯುವ ಜೀರ್ಣವಾಗದ ಪಿಷ್ಟ ಕೊಟ್ಟು ನಡೆಸಿದ ಪ್ರಯೋಗದಲ್ಲಿ, ಆಲ್ಬುಮಿನ್‌ಗೆ ಅಂಟದೆ ಮುಕ್ತವಾಗಿ ತಿರುಗುವ ಇಂಡಾಕ್ಸಿಲ್ ಸಲ್ಫೇಟ್ ನಿಜವಾಗಿಯೂ ಇಳಿಯಿತು. ದಿಕ್ಕು ಒಂದೇ.

ಹಾಗಾದರೆ ಪೊಟ್ಯಾಸಿಯಂ ಏರಿಸದೆ ನಾರು ತರುವುದು ಹೇಗೆ? ಪೊಟ್ಯಾಸಿಯಂ ನೀರಿಗೆ ಬಿಡುತ್ತದೆ, ನಾರಿನ ಬಹುಪಾಲು ತರಕಾರಿಯಲ್ಲೇ ಉಳಿಯುತ್ತದೆ. ಅಡುಗೆಮನೆಯ ಉಪಾಯವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಆಲೂಗಡ್ಡೆಯ ಮೇಲೆ 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚೌಕ ತುಂಡು ಮಾಡಿ ಕುದಿಸಿ ನೀರು ಚೆಲ್ಲಿದಾಗ ಸುಮಾರು ಅರ್ಧ ಪೊಟ್ಯಾಸಿಯಂ ಹೋಯಿತು, ತುರಿದು ಕುದಿಸಿದಾಗ ಮುಕ್ಕಾಲು ಪಾಲು ಹೋಯಿತು. ತಣ್ಣೀರಿನಲ್ಲಿ ಬರೀ ನೆನೆಸಿಟ್ಟಾಗ ಹೇಳಿಕೊಳ್ಳುವಷ್ಟು ಏನೂ ಹೋಗಲಿಲ್ಲ. ರಾತ್ರಿಯಿಡೀ ನೆನೆಸಿದ್ದೇವೆ ಎಂದು ನಂಬಿ ಕೂರಬೇಡಿ. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ತರಕಾರಿಯ ನಾಲ್ಕೈದು ಪಟ್ಟು ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಕುದಿಸಿ, ಬಸಿದು, ನೀರು ಚೆಲ್ಲಿ, ಆಮೇಲೆ ಒಗ್ಗರಣೆ ಹಾಕಿ. ಕುಕ್ಕರಿನಲ್ಲಿ ಸ್ವಲ್ಪ ನೀರಿಟ್ಟು ಕೂಗಿಸಿ ಅದೇ ನೀರನ್ನು ಸಾರಿಗೆ ಬಳಸಿದರೆ ಪೊಟ್ಯಾಸಿಯಂ ಪೂರ್ತಿ ತಟ್ಟೆಗೇ ಬರುತ್ತದೆ. ಹಬೆಯಲ್ಲಿ ಬೇಯಿಸಿದರೂ ಅಷ್ಟೇ.

ಹಳೇ ಮೈಸೂರು ಕಡೆಯವರಿಗೆ ಇದು ಬಸ್ಸಾರಿನ ಮಾತಿನಲ್ಲಿ ಬೇಗ ಅರ್ಥವಾಗುತ್ತದೆ. ಸೊಪ್ಪು, ಕಾಳು ಬೇಯಿಸಿ ಬಸಿದು, ಬಸಿದ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ. ಪೊಟ್ಯಾಸಿಯಂ ಇರುವುದು ಕಟ್ಟಿನಲ್ಲಿ, ನಾರು ಇರುವುದು ಪಲ್ಯದಲ್ಲಿ. ಪೊಟ್ಯಾಸಿಯಂ ಏರಿರುವವರು ಪಲ್ಯ ತಿನ್ನಬಹುದು, ಸಾರು ಮನೆಯ ಉಳಿದವರಿಗೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು: 'ಅಪ್ಪನಿಗೆ ಸೊಪ್ಪು ಬೇಡ, ಬರೀ ಸಾರು ಹಾಕು' ಎನ್ನುತ್ತಾರೆ.

ರಾಗಿಯ ವಿಷಯಕ್ಕೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 440 ಮಿಲಿಗ್ರಾಂ ಪೊಟ್ಯಾಸಿಯಂ, 210 ಮಿಲಿಗ್ರಾಂ ಫಾಸ್ಫರಸ್ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ. 70 ಗ್ರಾಂ ಹಿಟ್ಟಿನ ಒಂದು ಮಧ್ಯಮ ಮುದ್ದೆಯಿಂದ ಹತ್ತಿರ ಹತ್ತಿರ 8 ಗ್ರಾಂ ನಾರು, 310 ಮಿಲಿಗ್ರಾಂ ಪೊಟ್ಯಾಸಿಯಂ ಬರುತ್ತದೆ. ಒಂದು ಎಳನೀರಿನಲ್ಲಿ ಇದರ ದುಪ್ಪಟ್ಟು ಪೊಟ್ಯಾಸಿಯಂ ಇರಬಹುದು, ನಾರು ಲೆಕ್ಕಕ್ಕಿಲ್ಲ. ಫಾಸ್ಫರಸ್‌ನ ಲೆಕ್ಕವೂ ಹಾಳೆಯಲ್ಲಿ ಕಾಣುವಷ್ಟು ಭಯದ್ದಲ್ಲ. ಧಾನ್ಯ, ಕಾಳಿನ ಫಾಸ್ಫರಸ್ ಫೈಟೇಟ್ ರೂಪದಲ್ಲಿದ್ದು ಅರ್ಧಕ್ಕಿಂತ ಕಡಿಮೆ ಹೀರಲ್ಪಡುತ್ತದೆ. ಮಾಂಸ, ಹಾಲಿನದು ಅದಕ್ಕಿಂತ ಹೆಚ್ಚು. ಪ್ಯಾಕೆಟ್ ತಿಂಡಿಗೆ, ಕೋಲಾಕ್ಕೆ, ಸಂಸ್ಕರಿಸಿದ ಮಾಂಸ ಮತ್ತು ಚೀಸ್‌ಗೆ ಬೆರೆಸುವ ಫಾಸ್ಫೇಟ್ ಬಹುತೇಕ ಪೂರ್ತಿ ಹೀರಲ್ಪಡುತ್ತದೆ. ಪೊಟ್ಟಣದ ಮೇಲೆ, ಬೆರೆಸಿದ ವಸ್ತುಗಳ ಸಂಕೇತ ಸಂಖ್ಯೆಯಾಗಿ ಐಎನ್ಎಸ್ 338ರಿಂದ 341, ಅಥವಾ 450ರಿಂದ 452 ಎಂದಿದ್ದರೆ ಅದು ಫಾಸ್ಫೇಟ್. ಫಾಸ್ಫರಸ್ ಏರಿದೆ ಎಂದಾಗ ಮೊದಲು ನಿಲ್ಲಬೇಕಾದದ್ದು ಅಂಥ ಪೊಟ್ಟಣಗಳು. ಮುದ್ದೆಯ ಸರದಿ ಅದಾದ ಮೇಲೆ.

ಒಂದು ದಿನದ ಲೆಕ್ಕ ಹೀಗಿರಬಹುದು. ಒಂದು ಮುದ್ದೆ, 8 ಗ್ರಾಂ. ಜೋಳದ ರೊಟ್ಟಿ ಎರಡು, ಒಟ್ಟು 80 ಗ್ರಾಂ ಹಿಟ್ಟು, ಮತ್ತೆ 8. ಕುದಿಸಿ ಬಸಿದ ಹುರುಳಿಕಾಯಿ ಪಲ್ಯ 100 ಗ್ರಾಂ, ನಾಲ್ಕು. ಅರ್ಧ ಸೀಬೆಹಣ್ಣು, ಇನ್ನೊಂದು ನಾಲ್ಕು. ತೊಗರಿಬೇಳೆ 30 ಗ್ರಾಂ, ಎರಡೂವರೆಯಿಂದ ಮೂರು. ಒಟ್ಟು 27 ಗ್ರಾಂ ಆಸುಪಾಸು. ಆರೋಗ್ಯವಂತರಿಗೆ ಹೇಳುವ 25ರಿಂದ 30 ಗ್ರಾಂ ಇದೇ. ಎಲೆಕೋಸು, ಸೋರೆ, ಹೀರೆಯಂಥವು ಪೊಟ್ಯಾಸಿಯಂ ಕಡಿಮೆ ಇರುವ ತರಕಾರಿಗಳು. ಹಣ್ಣಿನಲ್ಲಿ ಸೇಬು, ಅನಾನಸ್, ಪಪ್ಪಾಯ ಅಳತೆಯಲ್ಲಿ ಆಗಬಹುದು. ಇವತ್ತು 10 ಗ್ರಾಂ ತಿನ್ನುತ್ತಿರುವವರು ನಾಳೆಯೇ 27ಕ್ಕೆ ಹಾರಿದರೆ ಹೊಟ್ಟೆ ಉಬ್ಬರಿಸಿ, ಗ್ಯಾಸ್ ಆಗಿ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ವಾರಕ್ಕೆ 3ರಿಂದ 5 ಗ್ರಾಂ ಮಾತ್ರ ಹೆಚ್ಚಿಸಿ. ರಕ್ತದ ಪೊಟ್ಯಾಸಿಯಂ 5.5 ಮೀರಿರುವವರು ವೈದ್ಯರ ಜೊತೆ ಮಾತಾಡದೆ ಶುರು ಮಾಡಬೇಡಿ, ಶುರು ಮಾಡಿದವರು ಎರಡು ವಾರದೊಳಗೆ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. 'ಕಡಿಮೆ ಸೋಡಿಯಂ ಉಪ್ಪು' ಎಂದು ಮಾರುವುದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಕಿಡ್ನಿ ರೋಗಿಯ ಮನೆಗೆ ಅದು ಬೇಡ.

ಪ್ರೋಟೀನ್ ಎಷ್ಟು? ಡಯಾಲಿಸಿಸ್ ಇನ್ನೂ ಶುರುವಾಗದವರಿಗೆ, ಕಿಡ್ನಿ ಕಾಯಿಲೆಯ ಐದು ಹಂತಗಳಲ್ಲಿ ಮೂರನೆಯದರಿಂದ ಮುಂದೆ, ದೇಹದ ತೂಕದ ಕಿಲೋಗೆ 0.8 ಗ್ರಾಂ ಎಂಬುದು 2024ರ ಅಂತಾರಾಷ್ಟ್ರೀಯ ಮಾರ್ಗಸೂಚಿ. 60 ಕಿಲೋ ಇರುವವರಿಗೆ 48 ಗ್ರಾಂ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ: 1ರಿಂದ 1.2 ಗ್ರಾಂ, ಅಂದರೆ 60ರಿಂದ 72 ಗ್ರಾಂ ಬೇಕು. ಕರುಳಿನ ವಿಷದ ಹೆದರಿಕೆಯಿಂದ ಡಯಾಲಿಸಿಸ್ ರೋಗಿ ಪ್ರೋಟೀನ್ ಬಿಟ್ಟರೆ ಸ್ನಾಯು ಕರಗಿ, ಆಲ್ಬುಮಿನ್ ಇಳಿದು, ಅದರ ಅಪಾಯವೇ ಹೆಚ್ಚು. ಅವರು ತಿದ್ದಬೇಕಾದದ್ದು ನಾರನ್ನು. ಪ್ರೋಟೀನನ್ನು ಮೂರು ಊಟಕ್ಕೆ ಹಂಚಿಕೊಂಡು ತಿಂದರೆ ಸಾಕು.

ಮಲಬದ್ಧತೆಯ ಬಗ್ಗೆ ರೋಗಿಗಳು ನಾಚಿಕೆಯಿಂದ ಹೇಳುವುದಿಲ್ಲ, ವೈದ್ಯರು ಗಡಿಬಿಡಿಯಲ್ಲಿ ಕೇಳುವುದಿಲ್ಲ. 2017ರಲ್ಲಿ ಅಮೆರಿಕದ ಸುಮಾರು 35 ಲಕ್ಷ ಮಾಜಿ ಸೈನಿಕರ ದಾಖಲೆ ನೋಡಿದಾಗ, ಮಲಬದ್ಧತೆ ಇರುವವರಲ್ಲಿ ಹೊಸದಾಗಿ ಕಿಡ್ನಿ ಕಾಯಿಲೆ ಕಾಣಿಸಿಕೊಳ್ಳುವುದು ಶೇ 13ರಷ್ಟು ಹೆಚ್ಚು ಎಂದು ಕಂಡಿತು. ಮಲ ಒಳಗೇ ಕೂತಷ್ಟೂ ಪ್ರೋಟೀನ್ ಕೊಳೆಯಲು ಸಮಯ ಸಿಗುತ್ತದೆ. ಇದಕ್ಕಿಂತ ತುರ್ತಿನ ಇನ್ನೊಂದು ಕಾರಣ ಇದೆ. ಕಿಡ್ನಿ ಕೆಲಸ ಮಾಡದಿದ್ದಾಗ ತಿಂದ ಪೊಟ್ಯಾಸಿಯಂನ ಕಾಲುಭಾಗದವರೆಗೆ ದೊಡ್ಡಕರುಳು ಹೊರಹಾಕುತ್ತದೆ. ಆರೋಗ್ಯವಂತರಲ್ಲಿ ಇದು ಹತ್ತನೇ ಒಂದು ಭಾಗ ಮಾತ್ರ. ಮೂರು ದಿನ ಹೊಟ್ಟೆ ಕಟ್ಟಿದ ಡಯಾಲಿಸಿಸ್ ರೋಗಿಯ ಪೊಟ್ಯಾಸಿಯಂ, ಬಾಳೆಹಣ್ಣು ಮುಟ್ಟದಿದ್ದರೂ ಏರಬಹುದು. ಮನೆಯವರು 'ಏನು ತಿಂದೆ' ಎಂದು ಗದರುವ ಮೊದಲು 'ಸರಿಯಾಗಿ ಹೊರಗೆ ಹೋಗಿತ್ತಾ' ಎಂದು ಕೇಳಬೇಕು.

ಇವರಿಗೆ ಮಲಬದ್ಧತೆ ಬರಲು ಕಾರಣಗಳು ಒಂದೆರಡಲ್ಲ: ಕುಡಿಯುವ ನೀರಿಗೆ ಮಿತಿ, ನಾರಿಲ್ಲದ ಊಟ, ನಾಲ್ಕು ಗಂಟೆ ಮಲಗಿಯೇ ಇರುವ ಡಯಾಲಿಸಿಸ್, ಸಕ್ಕರೆ ಕಾಯಿಲೆಯಿಂದ ಮಂದವಾದ ಕರುಳಿನ ನರಗಳು. ಇದರ ಮೇಲೆ ಔಷಧಗಳು. ಫಾಸ್ಫರಸ್ ಹಿಡಿಯುವ ಸೆವೆಲಮರ್ ಮತ್ತು ಕ್ಯಾಲ್ಸಿಯಂ ಮಾತ್ರೆ, ಪೊಟ್ಯಾಸಿಯಂ ಇಳಿಸುವ ಪುಡಿ, ಕಬ್ಬಿಣ, ನೋವಿಗೆ ಕೊಡುವ ಟ್ರಮಡಾಲ್, ಎಲ್ಲವೂ ಹೊಟ್ಟೆ ಕಟ್ಟುತ್ತವೆ.

ಪರಿಹಾರದಲ್ಲಿ ಎಚ್ಚರ ಬೇಕು. ಇಸಬ್‌ಗೋಲ್ ಒಳ್ಳೆಯದೇ, ಆದರೆ ಒಂದು ಚಮಚಕ್ಕೆ ಕನಿಷ್ಠ ಒಂದು ದೊಡ್ಡ ಲೋಟ, 200 ಮಿಲಿಲೀಟರ್‌ಗೂ ಹೆಚ್ಚು ನೀರು ಬೇಕು. ದಿನಕ್ಕೆ ಒಂದು ಲೀಟರ್ ಮಿತಿ ಇರುವವರು ಅಷ್ಟು ಕುಡಿಯಲಾಗದೆ ಅರ್ಧ ಲೋಟದಲ್ಲಿ ನುಂಗಿದರೆ ಅದು ಒಳಗೆ ಗಟ್ಟಿಯಾಗಿ ಇನ್ನಷ್ಟು ಕಟ್ಟುತ್ತದೆ. ಅಂಥವರಿಗೆ ಲ್ಯಾಕ್ಟುಲೋಸ್ ಸಿರಪ್ ಹೆಚ್ಚು ಹೊಂದುತ್ತದೆ. ರಾತ್ರಿ 15 ಮಿಲಿಲೀಟರ್‌ನಿಂದ ಶುರುಮಾಡಿ, ಬೇಕಾದರೆ 30ಕ್ಕೆ ಏರಿಸುವುದು ವಾಡಿಕೆ. ಅದು ಸಣ್ಣಕರುಳಿನಲ್ಲಿ ಹೀರಲ್ಪಡದೆ ದೊಡ್ಡಕರುಳಿಗೆ ಇಳಿದು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ, ಅಲ್ಲಿನ ಕ್ಷಾರವನ್ನೂ ತಗ್ಗಿಸುತ್ತದೆ. ಮೊದಲ ವಾರ ಗ್ಯಾಸ್ ಆಗುವುದು ಸಹಜ. ಅಂಗಡಿಯಲ್ಲಿ ಕೇಳಿ ತರುವ ಮಿಲ್ಕ್ ಆಫ್ ಮೆಗ್ನೀಶಿಯಾ ಬೇಡ, ಕಿಡ್ನಿ ಸೋತಾಗ ಮೆಗ್ನೀಶಿಯಂ ರಕ್ತದಲ್ಲಿ ಸೇರಿಕೊಂಡು ಸ್ನಾಯುಬಲ ಕುಂದುವುದರಿಂದ ಹಿಡಿದು ಹೃದಯದ ಬಡಿತ ನಿಧಾನವಾಗುವವರೆಗೆ ತೊಂದರೆ ಕೊಡುತ್ತದೆ. ಸೋಡಿಯಂ ಫಾಸ್ಫೇಟ್ ಎನಿಮಾ ಕೂಡ ಬೇಡವೇ ಬೇಡ. ಫಾಸ್ಫೇಟ್ ದಿಢೀರ್ ಏರಿ ಉಳಿದ ಕಿಡ್ನಿಗೂ ಹಾನಿಯಾಗುತ್ತದೆ. ಕೊಲೊನೊಸ್ಕೋಪಿಗೆ ಹೊಟ್ಟೆ ತೊಳೆಯುವ ಔಷಧ ಬರೆಯುವಾಗಲೂ ಕಿಡ್ನಿ ತೊಂದರೆ ಇದೆ ಎಂದು ನೀವೇ ನೆನಪಿಸಿ.

ಈಗ ಮಾರುಕಟ್ಟೆಯ ಮಾತ್ರೆಗಳ ಬಗ್ಗೆ. ಕರುಳಿನಲ್ಲೇ ಇಂಡೋಲ್ ಹೀರಿಕೊಳ್ಳುವ ಇದ್ದಿಲಿನ ಗುಳಿಗೆಯನ್ನು ಜಪಾನ್ 1991ರಲ್ಲೇ ಒಪ್ಪಿತು, ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ದಿನಕ್ಕೆ 9 ಗ್ರಾಂ ಕೊಟ್ಟು ಹಲವು ದೇಶಗಳಲ್ಲಿ ನಡೆಸಿದ ದೊಡ್ಡ ಪ್ರಯೋಗಗಳ ಫಲಿತಾಂಶ 2015ರಲ್ಲಿ ಬಂತು: ಕಿಡ್ನಿ ಕೆಡುವುದು ನಿಧಾನವಾಗಲಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾ (ಪ್ರೋಬಯಾಟಿಕ್) ಮತ್ತು ಅವುಗಳ ಆಹಾರ ಎರಡನ್ನೂ ಸೇರಿಸಿ ಆಸ್ಟ್ರೇಲಿಯಾದಲ್ಲಿ ಆರು ವಾರ ಕೊಟ್ಟ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಪಿ-ಕ್ರೆಸಿಲ್ ಸಲ್ಫೇಟ್ ಇಳಿಯಿತು, ಇಂಡಾಕ್ಸಿಲ್ ಸಲ್ಫೇಟ್ ಖಚಿತವಾಗಿ ಇಳಿಯಲಿಲ್ಲ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ 2023ರ ವಿಮರ್ಶೆಗೆ ರೋಗಿಗೆ ಖಚಿತ ಲಾಭವಿದೆ ಎನ್ನಲು ಆಧಾರ ಸಿಗಲಿಲ್ಲ. 'ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕಸ) ಇಳಿಸುತ್ತದೆ' ಎಂದು ಮಾರುವ ಪ್ರೋಬಯಾಟಿಕ್ ಕ್ಯಾಪ್ಸೂಲಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಸುರಿಯುವ ಬದಲು ಆ ಹಣಕ್ಕೆ ತರಕಾರಿ, ಹಣ್ಣು ಬರಲಿ ಎಂಬುದು ನಮ್ಮ ಅಭಿಪ್ರಾಯ. ನಾರಿಲ್ಲದ ಕರುಳಿಗೆ ಹೊಸ ಬ್ಯಾಕ್ಟೀರಿಯಾ ಕಳಿಸಿದರೆ ಅವಕ್ಕೆ ಅಲ್ಲಿ ತಿನ್ನಲು ಏನಿದೆ? ಮಲ ಪರೀಕ್ಷಿಸಿ ಬ್ಯಾಕ್ಟೀರಿಯಾಗಳ ಪಟ್ಟಿ ಕೊಡುವ ದುಬಾರಿ ಪರೀಕ್ಷೆಗಳೂ ಇವೆ. ಆ ಪಟ್ಟಿ ನೋಡಿ ಕಿಡ್ನಿ ಚಿಕಿತ್ಸೆ ಬದಲಿಸುವ ಹಂತಕ್ಕೆ ವಿಜ್ಞಾನ ಇನ್ನೂ ಬಂದಿಲ್ಲ.

ಒಂದು ಅಪಾಯವನ್ನು ಒತ್ತಿ ಹೇಳಬೇಕು. ಬೇಧಿಗೆ ಕೊಡುವ ಸ್ಯಾಕರೊಮೈಸಿಸ್ ಬೌಲಾರ್ಡಿ ಪುಡಿ ಒಂದು ಜೀವಂತ ಯೀಸ್ಟ್. ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಡಯಾಲಿಸಿಸ್ ನಳಿಕೆ, ಅಂದರೆ ಕ್ಯಾತಿಟರ್ ಇರುವವರಲ್ಲಿ ಅದು ರಕ್ತಕ್ಕೆ ಸೇರಿ ಸೋಂಕಾದ ಪ್ರಕರಣಗಳು ದಾಖಲಾಗಿವೆ. ಕ್ಯಾತಿಟರ್ ಇರುವವರಿಗೆ ಅದನ್ನು ಕೊಡಬಾರದು. ಅವರ ಹಾಸಿಗೆಯ ಬಳಿ ಬೇರೆಯವರಿಗಾಗಿ ಆ ಪೊಟ್ಟಣ ಒಡೆಯುವುದೂ ಸಲ್ಲದು.

ಮೊಸರು ತಿನ್ನಬಹುದೇ ಎಂದು ಎಲ್ಲ ಕಡೆ ಕೇಳುತ್ತಾರೆ. ತಿನ್ನಬಹುದು, ವೈದ್ಯರು ಹೇಳಿದ ಹಾಲಿನ ಅಳತೆಯೊಳಗೆ. ಅದರಲ್ಲೂ ಪೊಟ್ಯಾಸಿಯಂ, ಫಾಸ್ಫರಸ್ ಎರಡೂ ಇವೆ. ಮಜ್ಜಿಗೆಹುಳಿಯಲ್ಲಿ ಕುದಿದ ಮೇಲೆ, ಇಡ್ಲಿ ಹಬೆಯಲ್ಲಿ ಬೆಂದ ಮೇಲೆ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಅಂಬಲಿಗೆ ಆರಿದ ಮೇಲೆ ಮಜ್ಜಿಗೆ ಬೆರೆಸುವುದರಿಂದ ಅಲ್ಲಿ ಉಳಿಯುತ್ತವೆ, ರಾಗಿಯ ನಾರೂ ಸಿಗುತ್ತದೆ. ಉಪ್ಪು ಕಡಿಮೆ ಹಾಕಿ, ಕುಡಿದದ್ದನ್ನು ನೀರಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅನ್ನ ತಣ್ಣಗಾದಾಗ ಪಿಷ್ಟದ ಒಂದು ಸಣ್ಣ ಭಾಗ ಜೀರ್ಣವಾಗದ ರೂಪಕ್ಕೆ ತಿರುಗುವುದು ನಿಜ. ಆದರೆ ತಂಗಳನ್ನ ರಾತ್ರಿಯಿಡೀ ಹೊರಗಿದ್ದರೆ ಬ್ಯಾಸಿಲಸ್ ಸೀರಿಯಸ್ ಬೆಳೆದು ವಾಂತಿಬೇಧಿ ತರುತ್ತದೆ. ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ.

ಕಿಡ್ನಿ ಕಲ್ಲಿನ ವಿಷಯ ಸ್ವಲ್ಪ ಬೇರೆ. ಬಹುಪಾಲು ಕಿಡ್ನಿ ಕಲ್ಲುಗಳಲ್ಲಿರುವ ಆಕ್ಸಲೇಟನ್ನೇ ತಿಂದು ಬದುಕುವ ಆಕ್ಸಲೋಬ್ಯಾಕ್ಟರ್ ಫಾರ್ಮಿಜೆನಿಸ್ ಎಂಬ ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ಇರಬಹುದು. 2008ರ ಒಂದು ಅಧ್ಯಯನದಲ್ಲಿ ಕಲ್ಲು ಮರುಕಳಿಸುವವರಲ್ಲಿ ಶೇ 17 ಜನರಲ್ಲಿ, ಕಲ್ಲಿಲ್ಲದವರಲ್ಲಿ ಶೇ 38 ಜನರಲ್ಲಿ ಇದು ಸಿಕ್ಕಿತು. 2018ರಲ್ಲಿ ಬ್ರಿಟನ್ನಿನ ದಾಖಲೆಗಳಿಂದ ಐದು ಬಗೆಯ ಆ್ಯಂಟಿಬಯಾಟಿಕ್‌ಗಳ ನಂತರ ಕಲ್ಲಿನ ಸಂಭವ ಹೆಚ್ಚುವುದು ಕಂಡಿತು. ಸಲ್ಫಾ ಔಷಧಗಳಲ್ಲಿ ಎರಡು ಪಟ್ಟಿಗೂ ಹೆಚ್ಚು, ಚಿಕ್ಕ ವಯಸ್ಸಿನವರಲ್ಲಿ ಪರಿಣಾಮ ಜಾಸ್ತಿ. ನೆಗಡಿಗೆ ಆ್ಯಂಟಿಬಯಾಟಿಕ್ ಕೇಳಿ ತರದಿರಲು ಇದೂ ಒಂದು ಕಾರಣವಾಗಲಿ. ಕಲ್ಲಿಗೆ ಹೆದರಿ ಹಾಲು, ಮೊಸರು ಬಿಡುವುದು ತಪ್ಪು. ಊಟದ ಜೊತೆಗಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಕಳಿಸುತ್ತದೆ. ಇಟಲಿಯಲ್ಲಿ 120 ಗಂಡಸರನ್ನು ಐದು ವರ್ಷ ನೋಡಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಮಂದಿಗೆ ಕಲ್ಲು ಮರುಕಳಿಸಿತು. ಕ್ಯಾಲ್ಸಿಯಂ ಸಾಕಷ್ಟು ತಿಂದು ಉಪ್ಪು, ಮಾಂಸ ಕಡಿಮೆ ಮಾಡಿದವರಲ್ಲಿ 12 ಮಂದಿಗೆ ಮಾತ್ರ. ಪಾಲಕ್, ಬಸಳೆ, ಹರಿವೆ, ಕೆಸುವಿನಲ್ಲಿ ಆಕ್ಸಲೇಟ್ ಹೆಚ್ಚು. ಇವನ್ನೂ ಕುದಿಸಿ ನೀರು ಚೆಲ್ಲಿ, ಮೊಸರಿನ ಜೊತೆ ತಿನ್ನಿ. ಬಿಂಬುಳಿ ಎಂಬ ಹುಳಿಕಾಯಿಯ ರಸವನ್ನು ಕೊಲೆಸ್ಟರಾಲ್ ಇಳಿಯಲೆಂದು ಕುಡಿದು ಆಕ್ಸಲೇಟ್‌ನಿಂದ ಕಿಡ್ನಿ ದಿಢೀರ್ ಕೆಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಕರಾವಳಿಯ ಮನೆಗಳಲ್ಲಿ ಸಾರಿಗೆ ಎರಡು ಕಾಯಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ.

ಐಜಿಎ ನೆಫ್ರೋಪತಿ ಎಂಬ ಕಿಡ್ನಿ ಕಾಯಿಲೆ ಇರುವವರಿಗೂ ಕರುಳಿನ ಸಂಬಂಧವಿದೆ. ಕಿಡ್ನಿಯಲ್ಲಿ ಹೋಗಿ ಕೂರುವ ದೋಷಪೂರಿತ ಪ್ರತಿಕಾಯಗಳು ಸಣ್ಣಕರುಳಿನ ಕೊನೆಯ ಭಾಗದ ರೋಗನಿರೋಧಕ ಗಂಟುಗಳಿಂದ ಬರುತ್ತವೆ ಎಂಬ ತಿಳಿವಳಿಕೆಯ ಮೇಲೆ, ಅಲ್ಲಿಗೇ ತಲುಪಿ ಬಿಚ್ಚಿಕೊಳ್ಳುವ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಕ್ಯಾಪ್ಸೂಲಿಗೆ ಅಮೆರಿಕದಲ್ಲಿ 2021ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ದಿನಕ್ಕೆ 16 ಮಿಲಿಗ್ರಾಂ, ಒಂಬತ್ತು ತಿಂಗಳು. ಕರುಳಿನ ಬೇರೆ ಕಾಯಿಲೆಗೆ ಸಿಗುವ ಸಾಮಾನ್ಯ ಬುಡೆಸೊನೈಡ್ ಬಿಚ್ಚಿಕೊಳ್ಳುವ ಬಗೆ ಬೇರೆ, ಹೆಸರು ಒಂದೇ ಎಂದು ಬದಲಿಯಾಗಿ ತೆಗೆದುಕೊಳ್ಳುವಂತಿಲ್ಲ.

ಕಡೆಯದಾಗಿ ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ. ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆಯ ಒಂದಿಷ್ಟನ್ನು ಕರುಳಿನ ಗೋಡೆಯೇ ಒಡೆದುಹಾಕುತ್ತದೆ, ಕೆಲವು ಬ್ಯಾಕ್ಟೀರಿಯಾಗಳೂ ಅದನ್ನು ಮಾರ್ಪಡಿಸಬಲ್ಲವು. ಬೇಧಿಯಾದಾಗ ಗೋಡೆಯ ಈ ಕೆಲಸ ತಗ್ಗಿ, ಅದೇ ಡೋಸಿನಲ್ಲಿ ರಕ್ತದ ಮಟ್ಟ ಏರಿ, ಕೈ ನಡುಗಿ, ಕ್ರಿಯಾಟಿನಿನ್ ಏರುತ್ತದೆ. ಅದೇ ಉದ್ದೇಶಕ್ಕೆ ಕೊಡುವ ಮೈಕೊಫಿನೊಲೇಟ್‌ನಿಂದಲೂ ಬೇಧಿ ಆಗುತ್ತದೆ. ಎರಡು ದಿನಕ್ಕಿಂತ ಹೆಚ್ಚು ಬೇಧಿಯಿದ್ದರೆ ಕಸಿ ಮಾಡಿದ ಘಟಕಕ್ಕೆ ಫೋನ್ ಮಾಡಿ, ಬೆಳಗಿನ ಟ್ಯಾಕ್ರೊಲಿಮಸ್ ನುಂಗುವ ಮೊದಲೇ ರಕ್ತ ಕೊಟ್ಟು ಅದರ ಮಟ್ಟ, ಕ್ರಿಯಾಟಿನಿನ್, ಪೊಟ್ಯಾಸಿಯಂ ಮೂರನ್ನೂ ನೋಡಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಅರ್ಧ ಮಾಡಬೇಡಿ. ಅಂಗಡಿಯ ಪ್ರೋಬಯಾಟಿಕ್ ಪುಡಿಯನ್ನು ಘಟಕದ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಬೇಧಿ ನಿಂತ ಮೇಲೆ ಮಟ್ಟ ಮತ್ತೆ ಕೆಳಗಿಳಿಯುವುದರಿಂದ, ಡೋಸ್ ಬದಲಿಸಿದ್ದರೆ ಒಂದು ವಾರದೊಳಗೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು.